ಅಂಗಡಿಗೆ ಬಾರದ ಫೋನಿಗೆ ಅಂಕ ಹಾಕುವವರಿಗೆ

ಬಿಡುಗಡೆಗೆ ಇನ್ನೂ ತಿಂಗಳಿರುವಾಗಲೇ ಒಂದು ಫೋನನ್ನು ಅದರ ಎದುರಾಳಿಗಳ ಪಕ್ಕಕ್ಕಿಟ್ಟು, ಕ್ಯಾಮೆರಾಕ್ಕೆ ಇಷ್ಟು, ಬ್ಯಾಟರಿಗೆ ಇಷ್ಟು ಎಂದು ಅಂಕ ಹಾಕಿ, ಗೆದ್ದವರು ಯಾರೆಂದು ಸಾರಿಬಿಡುವ ಚಾಳಿಯನ್ನು ಹೋದ ಸಂಚಿಕೆಯಲ್ಲಿ ಟೀಕಿಸಿದ್ದೆ. ಹಡಗಲಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಓದುಗರು ನನ್ನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿದ್ದಾರೆ. ಬೈಗುಳವನ್ನು ಇಟ್ಟುಕೊಂಡು ವಾದಕ್ಕೆ ಉತ್ತರ ಕೊಡುತ್ತೇನೆ. ನಾನು ಹೇಳಿದ್ದು ಇಷ್ಟೇ: ಆ ಪಟ್ಟಿ ನೋಡಿ ಮುಂಗಡ ಬುಕ್ ಮಾಡಬೇಡಿ. ಪಟ್ಟಿ ತುಂಬುವುದು ಕಂಪನಿ ತಾನೇ ಆರಿಸಿ ಕೊಟ್ಟ ಅಂಕಿಗಳಿಂದ. ನಮ್ಮ ಸೀಮೆಯಲ್ಲಿ ಫೋನ್ ಕೈಕೊಡುವುದು ಆ ಪಟ್ಟಿಯಲ್ಲಿ ಕಾಲಂ ಇಲ್ಲದ ಕಡೆ. ಈ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಕಾರಣ ಇನ್ನೂ ಯಾರೂ ಕೊಟ್ಟಿಲ್ಲ.

ಮೊದಲ ಆಕ್ಷೇಪ ಒಬ್ಬ ವಿಜ್ಞಾನದ ಅಧ್ಯಾಪಕರದ್ದು. ‘ಪಟ್ಟಿಯಲ್ಲಿರುವುದು ಅಳತೆ ಸ್ವಾಮಿ, ಅಳತೆಯ ಜತೆ ಏನು ಜಗಳ?’ ಎನ್ನುತ್ತಾರೆ. ಅಳತೆಯ ಜತೆ ನನಗೆ ಜಗಳವಿಲ್ಲ. ಏನನ್ನು ಅಳೆದಿರಿ, ಯಾತಕ್ಕೆ ಅಳೆದಿರಿ ಎಂದು ಕೇಳುತ್ತಿದ್ದೇನೆ. 2020ರಲ್ಲಿ ಬಂದ ಗ್ಯಾಲಕ್ಸಿ ಎಸ್20 ಅಲ್ಟ್ರಾದ ಮುಂದೆ 108 ಮೆಗಾಪಿಕ್ಸೆಲ್ ಎಂದು ಬರೆದಿತ್ತು. ಸುಳ್ಳೇನಲ್ಲ. ಆದರೆ ಆ ಸೆನ್ಸರ್ ಒಂಬತ್ತು ಪಿಕ್ಸೆಲ್‌ಗಳನ್ನು ಕೂಡಿಸಿ ಒಂದು ಮಾಡಿಕೊಂಡು, ನೀವಾಗಿ ಸೆಟ್ಟಿಂಗ್ ಬದಲಿಸದಿದ್ದರೆ, ಕೊಡುತ್ತಿದ್ದುದು 12 ಮೆಗಾಪಿಕ್ಸೆಲ್ ಚಿತ್ರ. ಪಕ್ಕದ ಸಾಲಿನಲ್ಲಿ ಬಡಪಾಯಿಯಂತೆ 12 ಎಂದು ಬರೆಸಿಕೊಂಡು ನಿಂತಿದ್ದ ಐಫೋನ್ ಕೊಡುತ್ತಿದ್ದುದೂ 12ರ ಚಿತ್ರವನ್ನೇ. ಸೆನ್ಸರಿನ ಗಾತ್ರ, ಚಿತ್ರ ಸಂಸ್ಕರಿಸುವ ತಂತ್ರಾಂಶ ಇವುಗಳಿಂದ ಇಬ್ಬರ ಫೋಟೊದಲ್ಲಿ ವ್ಯತ್ಯಾಸ ಇದ್ದೇ ಇತ್ತು. 108ಕ್ಕೂ 12ಕ್ಕೂ ಇರುವ ಅಂತರ ಮಾತ್ರ ಅದನ್ನು ಹೇಳುತ್ತಿರಲಿಲ್ಲ.

ಇನ್ನೂ ಸೊಗಸಾದ ಉದಾಹರಣೆ 5ಜಿಯದು. 2020ರ ಫೆಬ್ರುವರಿ 24ರಂದು ರಿಯಲ್‌ಮಿ ಎಕ್ಸ್50 ಪ್ರೊ ಭಾರತದ ಮೊದಲ 5ಜಿ ಫೋನ್ ಎಂದು ಬಿಡುಗಡೆಯಾಯಿತು. ಅಲ್ಲಿಂದ ಮುಂದೆ ಪ್ರತಿ ಹೋಲಿಕೆಯಲ್ಲೂ 5ಜಿಗೆ ಒಂದು ಕಾಲಂ. ಇದ್ದ ಫೋನಿಗೆ ಹಸಿರು ಗುರುತು, ಇಲ್ಲದ್ದಕ್ಕೆ ಕೆಂಪು. ದೇಶದಲ್ಲಿ 5ಜಿ ಸೇವೆ ಶುರುವಾದದ್ದು 2022ರ ಅಕ್ಟೋಬರ್ 1ರಂದು, ಅದೂ ಕೆಲವೇ ನಗರಗಳಲ್ಲಿ. ಎರಡೂವರೆ ವರ್ಷ ಜನ ಇಲ್ಲದ ಟವರಿಗೆ ದುಡ್ಡು ಕಟ್ಟಿದರು. ಸೇವೆ ಬಂದ ಮೇಲಾದರೂ ನೆಟ್ಟಗಾಯಿತೇ? 2020ರ ಕೊನೆಗೆ 5ಜಿ ಹೆಸರಲ್ಲೇ ಮಾರಾಟವಾದ ಐಫೋನ್ 12ರಲ್ಲಿ ಭಾರತದ 5ಜಿ ತೆರೆದುಕೊಂಡದ್ದು 2022ರ ಡಿಸೆಂಬರಿನಲ್ಲಿ, ಕಂಪನಿ ತಂತ್ರಾಂಶದ ಅಪ್‌ಡೇಟ್ ಕಳಿಸಿದ ಮೇಲೆ. ಹಸಿರು ಗುರುತು ಅಳತೆಯೇ ಹೌದು, ಅಧ್ಯಾಪಕರೆ. ಅದರಿಂದ ಒಂದು ಫೋನ್ ಕರೆಯಾದರೂ ಹೋಯಿತೇ?

ವೇಗದ ಅಂಕವೂ ಅಷ್ಟೇ. ಬೆಂಚ್‌ಮಾರ್ಕ್ ಎಂಬ ಆ್ಯಪ್ ಫೋನಿಗೆ ಒಂದಿಷ್ಟು ಲೆಕ್ಕ ಕೊಟ್ಟು ಎಷ್ಟು ಬೇಗ ಮುಗಿಸಿತು ಎಂದು ನೋಡುತ್ತದೆ. ಫೋನಿಗೆ ಆ ಆ್ಯಪಿನ ಗುರುತು ಸಿಕ್ಕರೆ? 2017ರ ಜೂನಿನಲ್ಲಿ ವಿಮರ್ಶಕರ ಕೈಗೆ ಬಂದ ಒನ್‌ಪ್ಲಸ್ 5 ಅದನ್ನೇ ಮಾಡುತ್ತಿತ್ತು. ಬೆಂಚ್‌ಮಾರ್ಕ್ ತೆರೆದ ಕೂಡಲೇ ಪ್ರೊಸೆಸರನ್ನು ಮೇಲಿನ ವೇಗದಲ್ಲೇ ಹಿಡಿದಿಡುತ್ತಿತ್ತು. ಎಕ್ಸ್‌ಡಿಎ ಡೆವಲಪರ್ಸ್ ಅದನ್ನು ಬಯಲು ಮಾಡಿತು. 2022ರಲ್ಲಿ ಸ್ಯಾಮ್‌ಸಂಗ್ ಫೋನುಗಳಲ್ಲಿ ಆಟ ಆಡುವಾಗ ವೇಗ ತಗ್ಗಿಸಿ, ಬೆಂಚ್‌ಮಾರ್ಕ್ ಓಡುವಾಗ ಮಾತ್ರ ತಗ್ಗಿಸದ ಏರ್ಪಾಡು ಸಿಕ್ಕಿಬಿದ್ದು, ಗೀಕ್‌ಬೆಂಚ್ ಅವುಗಳಲ್ಲಿ ಹಲವನ್ನು ತನ್ನ ಪಟ್ಟಿಯಿಂದಲೇ ತೆಗೆಯಿತು. ಪರೀಕ್ಷಕ ಬಂದಾಗ ಮಾತ್ರ ಪುಸ್ತಕ ಹಿಡಿಯುವ ಹುಡುಗರನ್ನು ಅಧ್ಯಾಪಕರು ನನಗಿಂತ ಹೆಚ್ಚು ಕಂಡಿರಬೇಕು.

ಎರಡನೆಯ ಆಕ್ಷೇಪ ಸ್ವಲ್ಪ ಜಾಣತನದ್ದು. ‘ಬಿಡುಗಡೆಗೆ ಮೊದಲು ಎಂದರೆ ಕಾಗದ ನೋಡಿ ಹೋಲಿಸುತ್ತಾರೆ ಅಂತಲ್ಲ. ಕಂಪನಿ ಫೋನನ್ನು ಮೊದಲೇ ಕಳಿಸಿರುತ್ತದೆ, ಅವರು ವಾರಗಟ್ಟಲೆ ಬಳಸಿ ನೋಡಿರುತ್ತಾರೆ.’ ನಿಜ, ಕಳಿಸುತ್ತದೆ. ಇಂಥ ದಿನ ಇಂಥ ಗಂಟೆಯತನಕ ಬಾಯಿ ಬಿಡಬಾರದು ಎಂಬ ಕರಾರಿನ ಮೇಲೆ, ಹತ್ತು ದಿನವೋ ಹದಿನೈದು ದಿನವೋ. 2016ರ ಆಗಸ್ಟಿನಲ್ಲಿ ಗ್ಯಾಲಕ್ಸಿ ನೋಟ್ 7 ಹೀಗೆಯೇ ವಿಮರ್ಶಕರ ಕೈಗೆ ಹೋಯಿತು. ಆ ವರ್ಷದ ಅತ್ಯುತ್ತಮ ಫೋನ್ ಎಂದು ಬರೆಯದವರು ಕಡಿಮೆ. ಎದುರಾಳಿಗಳೆಲ್ಲ ಸೋತರು. ಸೆಪ್ಟೆಂಬರ್ 2ಕ್ಕೆ ಕಂಪನಿ ಮಾರಾಟ ನಿಲ್ಲಿಸಿ ಫೋನುಗಳನ್ನು ವಾಪಸ್ ಕರೆಯಿತು, ಬ್ಯಾಟರಿಗೆ ಬೆಂಕಿ ಹತ್ತುತ್ತಿತ್ತು. ಬದಲಿಗೆ ಕೊಟ್ಟ ಫೋನುಗಳೂ ಹೊತ್ತಿಕೊಂಡವು. ಅಕ್ಟೋಬರ್ 11ಕ್ಕೆ ತಯಾರಿಕೆಯೇ ನಿಂತಿತು. ನಮ್ಮ ದೇಶದಲ್ಲಿ ಮುಂಗಡ ಬುಕ್ ಮಾಡಿದವರ ಕೈಗೆ ಅದು ಬರಲೇ ಇಲ್ಲ. ಬರುವ ಮೊದಲೇ ವಿಮಾನದಲ್ಲಿ ಅದನ್ನು ಆನ್ ಮಾಡಕೂಡದೆಂದು ವಿಮಾನಯಾನ ಮಹಾನಿರ್ದೇಶನಾಲಯ ಆದೇಶ ಹೊರಡಿಸಿತ್ತು. ವಿಮರ್ಶಕರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಅವರ ಕೈಗೆ ಬಂದದ್ದು ಒಂದೊಂದು ಫೋನ್. ಲಕ್ಷಾಂತರ ಫೋನುಗಳಲ್ಲಿ ಕೆಲವು ಉರಿಯುತ್ತವೆ ಎಂಬುದು ಗೊತ್ತಾಗಬೇಕಾದರೆ ಲಕ್ಷಾಂತರ ಫೋನುಗಳು ಜನರ ಜೇಬಿಗೆ ಹೋಗಬೇಕು. ಬಿಡುಗಡೆಗೆ ಮೊದಲು ಎಂಥ ಪ್ರಾಮಾಣಿಕನಿಗೂ ಆ ಲೆಕ್ಕ ಸಿಗುವುದಿಲ್ಲ.

ಅಪ್ರಾಮಾಣಿಕತೆಯ ಮಾತೂ ಬಂದುಬಿಡಲಿ. 2012ರ ಸೆಪ್ಟೆಂಬರಿನಲ್ಲಿ ನೋಕಿಯಾ ಲೂಮಿಯಾ 920 ಫೋನನ್ನು ತೋರಿಸಿತು, ಮಾರಾಟಕ್ಕೆ ಇನ್ನೂ ದಿನಗಳಿದ್ದವು. ಕೈ ನಡುಗಿದರೂ ವಿಡಿಯೊ ನಡುಗುವುದಿಲ್ಲ ಎಂದು ತೋರಿಸಲು ಸೈಕಲ್ ಹೊಡೆಯುತ್ತಿರುವ ಹುಡುಗಿಯ ಒಂದು ತುಣುಕು. ಒಂದು ಕಡೆ ಸಾಮಾನ್ಯ ವಿಡಿಯೊ, ಇನ್ನೊಂದು ಕಡೆ ಬೆಣ್ಣೆಯಂಥ ವಿಡಿಯೊ. ಹೋಲಿಕೆ ಎಂದರೆ ಹೀಗಿರಬೇಕು ಎನಿಸುವಂತಿತ್ತು. ಯಾರೋ ಕಣ್ಣಿಟ್ಟು ನೋಡಿದರು: ಹಿಂದೆ ಕಾಣುವ ಕಿಟಕಿಯೊಂದರಲ್ಲಿ ದೊಡ್ಡ ಕ್ಯಾಮೆರಾ ಹಿಡಿದ ಮನುಷ್ಯನ ಪ್ರತಿಬಿಂಬ! ನೋಕಿಯಾ ಕ್ಷಮೆ ಕೇಳಿತು. ತಮಾಷೆಯೆಂದರೆ ಆ ಫೋನಿನ ಕ್ಯಾಮೆರಾ ಆಮೇಲೆ ನಿಜಕ್ಕೂ ಚೆನ್ನಾಗಿಯೇ ಬಂತು.

ಮೈಲಾರ ಕಡೆಯ ಹಿರಿಯರೊಬ್ಬರು ಸಿಕ್ಕಾಗ ಹಾಕಿದ ಪಟ್ಟು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ‘ಕಾರಣಿಕ ಕೇಳಾಕ ಲಕ್ಷಗಟ್ಟಲೆ ಮಂದಿ ಕೂಡೋ ಸೀಮೆಯಾಗ ಕುಂತು, ಮುಂದಿನದನ್ನ ಈಗ ಹೇಳಬ್ಯಾಡ ಅಂತೀಯಲ್ಲೋ ತಮ್ಮಾ!’ ಅಜ್ಜಾರೆ, ಕಾರಣಿಕಕ್ಕೂ ಈ ಪಟ್ಟಿಗೂ ಹೋಲಿಕೆ ಇದೆ, ಒಪ್ಪಿದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸ ವ್ರತ ಹಿಡಿದ ಗೊರವಯ್ಯ ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಅಷ್ಟು ಜನಸಾಗರ ಗಪ್ಪಾಗುತ್ತದೆ. ಒಂದು ಸಾಲು ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರು ನೋಡಿ: ರೈತ ಅದಕ್ಕೆ ಮಳೆಯ ಅರ್ಥ ಹಚ್ಚುತ್ತಾನೆ, ವ್ಯಾಪಾರಿ ಧಾರಣೆಯ ಅರ್ಥ, ರಾಜಕಾರಣಿ ಕುರ್ಚಿಯ ಅರ್ಥ. ವರ್ಷ ಕಳೆದ ಮೇಲೆ ಎಲ್ಲರ ಅರ್ಥವೂ ನಿಜವಾಗಿರುತ್ತದೆ. ಬಿಡುಗಡೆಗೆ ಮೊದಲಿನ ಹೋಲಿಕೆಯೂ ಹೀಗೆ ಯಾರಿಗೆ ಯಾವ ಬ್ರ್ಯಾಂಡ್ ಇಷ್ಟವೋ ಅವರಿಗೆ ಆ ಅರ್ಥ ಕೊಡುತ್ತದೆ. ಆದರೆ ಕಾರಣಿಕವನ್ನು ದೇವವಾಣಿ ಎಂದೇ ಕೇಳುತ್ತೇವೆ, ಅದಕ್ಕೆ ಅಳತೆಯ ವೇಷವಿಲ್ಲ. ಗೊರವಯ್ಯ ಹತ್ತಕ್ಕೆ 8.7 ಎಂದು ಅಂಕ ಕೊಡುವುದಿಲ್ಲ. ನುಡಿದು ಮುಗಿಸಿ ‘ಈಗಲೇ ಬುಕ್ ಮಾಡಿ’ ಎಂದು ಬೋರ್ಡನ್ನೂ ತೋರಿಸುವುದಿಲ್ಲ.

ಜಾತ್ರೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಕಾರಣಿಕದ ಹೊತ್ತಿನಲ್ಲಿ ಗುಂಪಿನ ನಡುವೆ ನಿಂತು ಮನೆಗೊಂದು ಕಾಲ್ ಹಚ್ಚಿ. ಟವರು ತನ್ನಲ್ಲಿರುವ ತರಂಗವನ್ನು ಅಲ್ಲಿರುವ ಅಷ್ಟೂ ಫೋನುಗಳಿಗೆ ಹಂಚಬೇಕು. ಎಪ್ಪತ್ತು ಸಾವಿರದ ಫೋನೂ ಏಳು ಸಾವಿರದ ಫೋನೂ ಅಲ್ಲಿ ಸಮಾನ ದುಃಖಿಗಳು.

ಈಗ ಗಟ್ಟಿ ಆಕ್ಷೇಪಕ್ಕೆ ಬರುತ್ತೇನೆ. ಕೊಟ್ಟೂರಿನ ಒಬ್ಬ ಯುವಕ ಹೇಳಿದ್ದು: ‘ಸರ್, ಆ ಪಟ್ಟಿ ಬರುವ ಮೊದಲು ನಮಗೆ ಅಂಗಡಿಯವನೇ ಗತಿ. ಅವನಿಗೆ ಯಾವ ಕಂಪನಿ ಸ್ಕೀಮ್ ಕೊಟ್ಟಿದೆಯೋ ಅದೇ ಒಳ್ಳೆ ಫೋನ್. ಪಟ್ಟಿ ಓದಿಕೊಂಡು ಹೋದರೆ ನಾಲ್ಕು ಪ್ರಶ್ನೆಯಾದರೂ ಕೇಳಬಹುದು. ನೀವು ಅದನ್ನೂ ಕಿತ್ತುಕೊಳ್ಳುತ್ತೀರಾ?’ ಈ ಮಾತಿನಲ್ಲಿ ತೂಕವಿದೆ. ಅಂಗಡಿಯವರ ಸ್ಕೀಮು ಎಲ್ಲರಿಗೂ ಗೊತ್ತಿರುವುದೇ. ತಿಂಗಳಿಗೆ ಇಷ್ಟು ಫೋನ್ ಮಾರಿದರೆ ಇಷ್ಟು ಎಂದು ಕಂಪನಿ ಕೊಡುತ್ತದೆ, ಗಿರಾಕಿಯ ಮುಂದೆ ಆ ಫೋನೇ ಮೊದಲು ಬಂದು ಕೂರುತ್ತದೆ. ಪಟ್ಟಿಯಿಂದ ಹಳ್ಳಿಯ ಹುಡುಗನ ಬಾಯಿಗೆ ಪ್ರಶ್ನೆ ಬಂದದ್ದು ನಿಜವಾದ ಲಾಭ. ಆದರೆ ತಮ್ಮಾ, ಪಟ್ಟಿ ಮಾಡುವವನಿಗೂ ಸ್ಕೀಮ್ ಇರುತ್ತದೆ. ಅವನ ಕೊಂಡಿಯ ಮೂಲಕ ನೀನು ಕೊಂಡರೆ ಅವನಿಗೆ ಕಮಿಷನ್, ಕಂಪನಿಯ ಕಾರ್ಯಕ್ರಮಕ್ಕೆ ವಿಮಾನದ ಟಿಕೆಟ್, ಮುಂದಿನ ಫೋನ್ ಮೊದಲು ಸಿಗುವ ಆಸೆ. ದುಡ್ಡನ್ನೋ ಉಡುಗೊರೆಯನ್ನೋ ಪಡೆದು ಹೊಗಳಿದರೆ ಅದನ್ನು ಎದ್ದು ಕಾಣುವಂತೆ ಹೇಳಲೇಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಸೂಚನೆ ಹೊರಡಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಅಂಗಡಿಯವನಾದರೂ ನಾಳೆ ಫೋನ್ ಕೆಟ್ಟರೆ ಬಸ್‌ಸ್ಟ್ಯಾಂಡ್ ಹತ್ತಿರ ಕೈಗೆ ಸಿಗುತ್ತಾನೆ.

ಪಟ್ಟಿಯನ್ನು ಎಷ್ಟು ನಂಬಬಹುದು ಎಂಬುದಕ್ಕೆ 2016ರ ಫೆಬ್ರುವರಿ ನೆನಪಿಸಿಕೊಳ್ಳಿ. ಫ್ರೀಡಂ 251. ಇನ್ನೂರ ಐವತ್ತೊಂದು ರೂಪಾಯಿಗೆ ಸ್ಮಾರ್ಟ್‌ಫೋನ್. ಅದನ್ನೂ ಹೋಲಿಸಿದರು! ಐದಾರು ಸಾವಿರದ ಫೋನುಗಳ ಪಕ್ಕಕ್ಕಿಟ್ಟು ಪರದೆ, ಕ್ಯಾಮೆರಾ, ಬ್ಯಾಟರಿ ಎಲ್ಲ ತುಲನೆ ಮಾಡಿದರು. ಪತ್ರಕರ್ತರಿಗೆ ಕೊಟ್ಟ ಮಾದರಿಯಲ್ಲಿ ಬೇರೆ ಕಂಪನಿಯ ಹೆಸರಿನ ಮೇಲೆ ವೈಟ್ನರ್ ಬಳಿದಿತ್ತು. ಕೆರೆದರೆ ಆಡ್‌ಕಾಂ ಎಂಬ ಹೆಸರು ಕಾಣುತ್ತಿತ್ತು. ಪಟ್ಟಿಯಲ್ಲಿ ವೈಟ್ನರಿಗೆ ಕಾಲಂ ಇರಲಿಲ್ಲ.

ಕಾಲಂ ಇಲ್ಲದ ಸಂಗತಿಗಳೇ ನನ್ನ ಮುಖ್ಯ ತಕರಾರು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದರ ಮೊಗ್ಗು ಬಿಡಿಸುವ ಹೆಣ್ಣುಮಕ್ಕಳ ಕೈಯನ್ನು ಬೆಳಗಿನ ಹೊತ್ತು ನೋಡಿ. ಬೆರಳ ತುದಿಗೆ ಇಬ್ಬನಿ, ಗಿಡದ ಅಂಟು. ಮಾರುಕಟ್ಟೆಯಿಂದ ಕಾಲ್ ಬರುತ್ತದೆ, ಇವತ್ತಿನ ರೇಟು ಎಷ್ಟೆಂದು. ಎತ್ತಲು ಬೆರಳೆಳೆದರೆ ಪರದೆ ಅಲುಗುವುದಿಲ್ಲ. ಟಚ್ ಪರದೆ ಕೆಲಸ ಮಾಡುವುದು ಬೆರಳು ಮುಟ್ಟಿದಾಗ ಆಗುವ ವಿದ್ಯುತ್ ಬದಲಾವಣೆಯನ್ನು ಗುರುತಿಸಿ, ನೀರಿನ ಪದರ ಬಿದ್ದರೆ ಅದಕ್ಕೆ ಬೆರಳು ಯಾವುದು ನೀರು ಯಾವುದು ಎಂಬ ಗೊಂದಲ. ಬೆರಳಚ್ಚಿನ ಬೀಗವಂತೂ ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೇ ಹೆಬ್ಬೆಟ್ಟು ಹತ್ತದ ಕೈಗಳಿಗೆ ದೂರದ ಮಾತು. ಸೀರೆ ಸೆರಗಿಗೆ ಬೆರಳು ಒರೆಸಿ, ಫೋನನ್ನೂ ಒರೆಸಿ, ಮತ್ತೆ ಎಳೆಯುವಷ್ಟರಲ್ಲಿ ಕಾಲ್ ಕಟ್. ಒದ್ದೆ ಬೆರಳನ್ನು ಚೆನ್ನಾಗಿ ಗುರುತಿಸುವ ಫೋನುಗಳೂ ಇವೆ, ಗುರುತಿಸದವೂ ಇವೆ. ಯಾವುದು ಹೇಗೆ ಎಂದು ನಾನು ಹೇಳುತ್ತಿರುವ ಪಟ್ಟಿಗಳು ಅಂಕ ಹಾಕುವುದಿಲ್ಲ.

ಕೂಡ್ಲಿಗಿ, ಹರಪನಹಳ್ಳಿಯ ಒಣಭೂಮಿಯಲ್ಲಿ ಉದ್ಯೋಗ ಖಾತರಿ ಕೆಲಸ ನಡೆಸಿದ ಕಾಯಕ ಬಂಧುಗಳನ್ನು ಕೇಳಿ. 2023ರ ಜನವರಿ 1ರಿಂದ ಎಲ್ಲ ಕಾಮಗಾರಿಯ ಹಾಜರಿಯೂ ಮೊಬೈಲ್ ಆ್ಯಪಿನಲ್ಲೇ ಎಂದಾಯಿತು. ಕೂಲಿಕಾರರ ಫೋಟೊ ದಿನಕ್ಕೆ ಎರಡು ಬಾರಿ, ನಿಂತ ಜಾಗದ ಗುರುತಿನ ಸಮೇತ ಏರಿಸಬೇಕು. ಏರಿಸದಿದ್ದರೆ ಕೂಲಿಗೆ ಕಂಟಕ. ಬೆಳೆ ಸಮೀಕ್ಷೆಯೂ ಹಾಗೇ: 2020ರಿಂದ ರೈತ ತಾನೇ ಹೊಲದಲ್ಲಿ ನಿಂತು ತನ್ನ ಸರ್ವೆ ನಂಬರಿನ ಬೆಳೆಯ ಫೋಟೊ ಹಾಕಬಹುದು. ಇಲ್ಲಿ ಬೇಕಾದದ್ದು ಬೇಗ ಜಾಗ ಹಿಡಿಯುವ ಜಿಪಿಎಸ್ಸು, ಎರಡು ಕಡ್ಡಿ ಟವರಿನಲ್ಲೂ ಕೈಬಿಡದ ಆ್ಯಂಟೆನಾ, ಬಿಸಿಲಲ್ಲಿ ಕಾಣುವ ಪರದೆ. ಪರದೆಗೆ ಪಟ್ಟಿಯಲ್ಲಿ ಜಾಗವಿದೆ, ಬೆಳಕು ಸಾವಿರಾರು ನಿಟ್ಸ್ ಎಂದು ಬರೆದಿರುತ್ತಾರೆ. ಅದು ಪರದೆಯ ಸಣ್ಣದೊಂದು ಭಾಗ ಅರೆಕ್ಷಣ ಮುಟ್ಟುವ ತುತ್ತತುದಿ. ಏಪ್ರಿಲ್ ಬಿಸಿಲಲ್ಲಿ ಹೊಲದ ಬದುವಿನ ಮೇಲೆ ಹತ್ತು ನಿಮಿಷ ಹಿಡಿದು ನಿಂತರೆ ಫೋನ್ ಕಾಯ್ದು, ತನ್ನನ್ನು ಉಳಿಸಿಕೊಳ್ಳಲು ತಾನೇ ಬೆಳಕು ಇಳಿಸುತ್ತದೆ. ಫೋಟೊ ತೆಗೆಯುವವನು ಅಂಗೈಯನ್ನು ಪರದೆಗೆ ಮರೆಮಾಡಿಕೊಂಡು ಅಂದಾಜಿನ ಮೇಲೆ ಬಟನ್ ಒತ್ತುತ್ತಾನೆ.

ಬಿಎಸ್ಸೆನ್ನೆಲ್ ನಂಬಿದವರಿಗೆ ಇನ್ನೊಂದು ವಿಷಯ. ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಿಸಲಾಯಿತು. ಅದು ದೂರಕ್ಕೆ ಹರಡಲು ನೆಚ್ಚಿರುವುದು 700 ಮೆಗಾಹರ್ಟ್ಸ್ ತರಂಗವನ್ನು, ಫೋನಿನ ಭಾಷೆಯಲ್ಲಿ ಬ್ಯಾಂಡ್ 28. ಹಳೆಯ 4ಜಿ ಫೋನುಗಳಲ್ಲಿ ಎಷ್ಟೋ ಫೋನುಗಳಿಗೆ ಅದಿಲ್ಲ. ‘4ಜಿ: ಇದೆ’ ಎಂಬ ಹಸಿರು ಗುರುತು ಮಾತ್ರ ಎಲ್ಲದಕ್ಕೂ ಇದೆ. ಹೊಸ ಫೋನುಗಳಲ್ಲೂ ನೋಡಿಯೇ ಕೊಳ್ಳಬೇಕು.

ಬಿದ್ದು ಒಡೆದರೆ? ಹೊಸ ಮಾಡೆಲ್ಲಿನ ಡಿಸ್ಪ್ಲೇ ಒಡೆದುಕೊಂಡು ರಿಪೇರಿ ಅಂಗಡಿಗೆ ಹೋದರೆ ಮೊದಲು ಬರುವ ಉತ್ತರ ‘ಇದರ ಕಾಂಬೊ ಇನ್ನೂ ಮಾರ್ಕೆಟ್ಟಿಗೆ ಬಂದಿಲ್ಲಣ್ಣ’. ಕಂಪನಿಯ ಸರ್ವಿಸ್ ಸೆಂಟರ್ ಬೇಕೆಂದರೆ ಹೊಸಪೇಟೆಯೋ ದಾವಣಗೆರೆಯೋ. ಒಂದು ದಿನದ ಕೂಲಿ, ಬಸ್ ಚಾರ್ಜು, ‘ಪಾರ್ಟ್ ತರಿಸಬೇಕು, ವಾರ ಬಿಟ್ಟು ಬನ್ನಿ’ ಎಂಬ ಮಾತು. ಇದನ್ನು ಕಾಲಂ ಮಾಡಬಹುದು ಎಂಬುದಕ್ಕೆ ಯುರೋಪನ್ನು ನೋಡಿ. 2025ರ ಜೂನ್ 20ರಿಂದ ಅಲ್ಲಿ ಮಾರುವ ಪ್ರತಿ ಹೊಸ ಮಾಡೆಲ್ ಫೋನಿಗೂ ಒಂದು ಚೀಟಿ ಕಡ್ಡಾಯ: ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಹೊತ್ತು ಬಾಳುತ್ತದೆ, ಬಿದ್ದರೆ ಎಷ್ಟು ತಾಳುತ್ತದೆ, ರಿಪೇರಿ ಎಷ್ಟು ಸುಲಭ ಎಂದು ದರ್ಜೆ ಹಾಕಿ. ನಮ್ಮ ಪಟ್ಟಿ ಮಾಡುವವರು ಇದನ್ನು ಎರವಲು ತಂದರೆ ನಾನು ಮೊದಲು ಚಪ್ಪಾಳೆ ಹೊಡೆಯುತ್ತೇನೆ.

ಹರಪನಹಳ್ಳಿಯ ಅಂಗಡಿ ಮಾಲೀಕರೊಬ್ಬರ ಆಕ್ಷೇಪ ಬೆಲೆಯದು. ‘ಕಾಯಿರಿ ಅಂತೀರಿ, ಮೊದಲ ಸೇಲಿನ ಆಫರ್ ಹೋದರೆ ನೀವು ಕೊಡ್ತೀರಾ?’ ಕೊಡುವುದಿಲ್ಲ. ಕಾದರೆ ಬೆಲೆ ಇಳಿದೇ ಇಳಿಯುತ್ತದೆಂದು ಆಣೆಯನ್ನೂ ಮಾಡುವುದಿಲ್ಲ. 2020ರ ಏಪ್ರಿಲ್ 1ಕ್ಕೆ ಮೊಬೈಲಿನ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿ, ಕಾಯುತ್ತಿದ್ದವರು ಹೆಚ್ಚು ತೆತ್ತರು. ಆದರೆ ಸಾಮಾನ್ಯವಾಗಿ ಆಗುವುದೇನೆಂದು ಮಾಲೀಕರಿಗೆ ನನಗಿಂತ ಚೆನ್ನಾಗಿ ಗೊತ್ತು: ದಸರಾ, ದೀಪಾವಳಿಗೆ ಅದೇ ಫೋನ್, ಅದಕ್ಕಿಂತ ಹೆಚ್ಚಿನ ರಿಯಾಯಿತಿ. ಮೊದಲ ದಿನದ ಆಫರ್ ಬಹುಪಾಲು ಯಾವುದೋ ಕ್ರೆಡಿಟ್ ಕಾರ್ಡ್ ಇದ್ದವರಿಗೆ. ನಮ್ಮಲ್ಲಿ ಹೆಚ್ಚಿನವರು ಕೊಳ್ಳುವುದು ಡೌನ್ ಪೇಮೆಂಟ್ ಕಟ್ಟಿ ಇಎಂಐ ಮೇಲೆ. ಎರಡು ವರ್ಷ ಕಂತು ಕಟ್ಟಬೇಕಾದ ವಸ್ತುವನ್ನು ಎರಡು ತಿಂಗಳು ಕಾದು ನೋಡಿ ಎಂದದ್ದು ಅಷ್ಟು ದುಬಾರಿ ಸಲಹೆಯೇ?

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಕಡೆಯವರೊಬ್ಬರು ಬೇರೆಯದೇ ಬಾಣ ಬಿಟ್ಟಿದ್ದಾರೆ. ಬಿಡುಗಡೆಗೆ ಮೊದಲೇ ನಾಲ್ಕು ಜನ ಹೊಗಳಿ ಹೋಲಿಸಿದರೆ ತಾನೆ ನಮ್ಮದೇ ನೆಲದ ವಸ್ತು ಗೆಲ್ಲುವುದು, ಸಿಂಪ್ಯೂಟರ್ ಸೋತದ್ದು ನಿಮ್ಮಂಥ ಅನುಮಾನದವರಿಂದ, ಎಂದು. ಇತಿಹಾಸ ಇದಕ್ಕೆ ತಿರುಗುಮುರುಗು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ ಸಿಂಪ್ಯೂಟರ್ ಮಾದರಿಯನ್ನು 2001ರಲ್ಲೇ ಜಗತ್ತಿಗೆ ತೋರಿಸಿದರು. ಬಡವರ ಕಂಪ್ಯೂಟರ್ ಎಂದು ಕೊಂಡಾಡಿದ್ದೇ ಕೊಂಡಾಡಿದ್ದು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರಾಂತ್ಯದ ಮ್ಯಾಗಝಿನ್ ಕೂಡ ಹೊಗಳಿತು. ಪಾಮ್ ಕಂಪನಿಯ ಕೈಗಂಪ್ಯೂಟರಿನ ಪಕ್ಕಕ್ಕಿಟ್ಟು ನಮ್ಮದೇ ಮೇಲು ಎಂದದ್ದೂ ಆಯಿತು. ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಅಂಗಡಿಗೆ ಬಂದದ್ದು 2004ರಲ್ಲಿ. ಮೂರು ವರ್ಷದ ಹೊಗಳಿಕೆ ಮಾರಾಟವಾಗಿ ಮಾರ್ಪಡಲಿಲ್ಲ. ಅಷ್ಟರಲ್ಲಿ ಸಾಮಾನ್ಯ ಮೊಬೈಲ್ ಅಗ್ಗವಾಗಿ ಹಳ್ಳಿಗೆ ಕಾಲಿಟ್ಟಿತ್ತು. ಯಂತ್ರ ಕೆಟ್ಟದ್ದಾಗಿರಲಿಲ್ಲ. ಅಲುಗಾಟ ಗುರುತಿಸುವ ಸೆನ್ಸರ್ ಐಫೋನಿಗಿಂತ ಮೊದಲೇ ಅದರಲ್ಲಿತ್ತು, ಕರ್ನಾಟಕದ ಭೂದಾಖಲೆ ಕೆಲಸಕ್ಕೂ ಅದನ್ನು ಬಳಸಿದರು. ಅದನ್ನು ಹೋಲಿಸಿದವರು ಪಾಮ್ ಕಡೆ ನೋಡುತ್ತಿದ್ದರು. ನಿಜವಾದ ಎದುರಾಳಿ ಆ ಹೋಲಿಕೆಯಲ್ಲಿ ಇರಲೇ ಇಲ್ಲ.

ಕೊನೆಗೆ ಉಳಿದದ್ದು ‘ಇದು ನಮ್ಮ ಹುಡುಗರ ಅನ್ನ, ಕಲ್ಲು ಹಾಕಬೇಡಿ’ ಎಂಬ ಮಾತು. ಹಾಕುವುದಿಲ್ಲ. ಕನ್ನಡದಲ್ಲಿ, ಅದರಲ್ಲೂ ನಮ್ಮ ಸೀಮೆಯ ಮಾತಿನಲ್ಲಿ ತಂತ್ರಜ್ಞಾನ ಹೇಳುವ ಹುಡುಗರು ಹೆಚ್ಚಾಗಬೇಕು. ಆದರೆ ಬೆಂಗಳೂರಿನವರೂ ದಿಲ್ಲಿಯವರೂ ಓದಿದ ಅದೇ ಕಂಪನಿ ಕಾಗದವನ್ನು ಇವರೂ ಓದಿದರೆ ಇವರನ್ನು ಯಾರು ಯಾಕೆ ಕೇಳಬೇಕು? ಬಿಡುಗಡೆಯಾಗಿ ಮೂರು ತಿಂಗಳಾದ ನಾಲ್ಕು ಫೋನ್ ಹಿಡಿದು ಕೊಟ್ಟೂರಿನಿಂದ ಉಜ್ಜಿನಿಗೆ ಬಸ್ ಹತ್ತಲಿ, ದಾರಿಯುದ್ದಕ್ಕೂ ನಾಲ್ಕರಲ್ಲೂ ಕಾಲ್ ಹಚ್ಚಿ, ಯಾವುದು ಎಲ್ಲಿ ಕಡಿಯಿತೆಂದು ಬರೆದುಕೊಳ್ಳಲಿ. ಹಡಗಲಿಯ ಮಲ್ಲಿಗೆ ತೋಟದಲ್ಲಿ ಒದ್ದೆ ಬೆರಳಿನಿಂದ ಎತ್ತಿ ನೋಡಲಿ. ಹಗರಿಬೊಮ್ಮನಹಳ್ಳಿಯ ರಿಪೇರಿ ಅಂಗಡಿಯಲ್ಲಿ ನಾಲ್ಕರ ಕಾಂಬೊ ಬೆಲೆಯನ್ನೂ ಕೇಳಿಕೊಂಡು ಬರಲಿ. ಆ ಪಟ್ಟಿ ತಂದರೆ ಈ ಪತ್ರಿಕೆಯಲ್ಲಿ ಜಾಗ ಕೊಡಿಸುವ ಹೊಣೆ ನನ್ನದು, ಗೌರವಧನದ ಸಮೇತ.